ವೇಷ ಕಳಚಿದ ದನಿ: ಬಾನುಲಿ ನಾಟಕ ಮತ್ತು ನಮ್ಮ ಪಾತ್ರಗಳು

ನನ್ನ ಉಮ್ಮ ತಮ್ಮ ಬದುಕಿನಲ್ಲಿ ಒಂದು ನಾಟಕವನ್ನೂ ಕಣ್ಣಿನಿಂದ ನೋಡಿದವರಲ್ಲ. ಕುದ್ರೋಳಿಯ ನಮ್ಮ ಮನೆಯಿಂದ ಪುರಭವನಕ್ಕೆ ನಡೆದೇ ಹೋಗಬಹುದು. ಆದರೆ ಅವರ ಕಾಲದ ಬ್ಯಾರಿ ಹೆಂಗಸರಿಗೆ ಆ ದಾರಿ ತೆರೆದಿರಲಿಲ್ಲ. ಹಾಗೆಂದು ಅವರಿಗೆ ನಾಟಕ ಗೊತ್ತಿಲ್ಲ ಎಂದು ಯಾರಾದರೂ ತಿಳಿದರೆ ತಪ್ಪಾದೀತು. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾಯಿತು. ನಾನು ಬುದ್ಧಿ ತಿಳಿಯುವ ಹೊತ್ತಿಗೆ ಮನೆಯ ಪಡಸಾಲೆಯಲ್ಲಿ ರೇಡಿಯೋಗೆ ಒಂದು ಕಾಯಂ ಜಾಗವಿತ್ತು. ಅದರೆದುರು ಉಮ್ಮ ಮತ್ತು ನೆರೆಮನೆಯ ಇಬ್ಬರು ಮೂವರು ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಬೀಡಿ ಕಟ್ಟುವವರ ಕೈಗೂ ಕಣ್ಣಿಗೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಆ ಕಿವಿಗೆ ತುಳು ನಾಟಕ, ಕನ್ನಡ ನಾಟಕ, ತಾಳಮದ್ದಳೆ, ವಿವಿಧಭಾರತಿಯ ಹವಾಮಹಲ್ ಎಲ್ಲವೂ ಬಂದು ಬೀಳುತ್ತಿದ್ದವು. ಹವಾಮಹಲಿನ ಹಿಂದಿಯಲ್ಲಿ ಅರ್ಧ ಅವರಿಗೆ ಅರ್ಥವಾಗುತ್ತಿರಲಿಲ್ಲ. ಉರ್ದು ಶಾಲೆಗೆ ಹೋಗುತ್ತಿದ್ದ ನಾನು ಆಗ ದುಭಾಷಿ.

ನಮ್ಮಲ್ಲಿ ರಂಗಭೂಮಿಯ ಬಗ್ಗೆ ಬರೆಯುವವರು ಈ ಕೇಳುಗರನ್ನು ಪ್ರೇಕ್ಷಕರ ಲೆಕ್ಕಕ್ಕೆ ಹಿಡಿದದ್ದು ಕಡಿಮೆ. ರಂಗಕೃತಿಯನ್ನು ಬಾನುಲಿಗೆ ಇಳಿಸುವುದೆಂದರೆ ಬಡವನ ಮನೆಗೆ ಮದುವೆಯೂಟದ ಉಳಿಕೆ ಕಳುಹಿಸಿದಂತೆ ಎಂಬ ಭಾವನೆ ಈಗಲೂ ಇದೆ. ಬೆಳಕು ಹೋಯಿತು, ಅಭಿನಯ ಹೋಯಿತು, ಪ್ರಸಾಧನ ಹೋಯಿತು, ಉಳಿದದ್ದು ಬರೀ ಮಾತು ಎಂಬ ಕೊರಗು. ಇಷ್ಟೆಲ್ಲ ಹೋದಾಗ ನಮ್ಮಂಥವರ ಪಾಲಿಗೆ ಹೋಗಬೇಕಾದ ಇನ್ನೊಂದು ವಸ್ತುವೂ ಹೋಗುತ್ತದೆ, ಅಥವಾ ಹೋಗಬಹುದಿತ್ತು. ಅದು ನಾಟಕದ ಸಾಬಿಯ ಟೋಪಿ, ಗಡ್ಡ, ಪಟ್ಟೆ ಲುಂಗಿ. ಅದನ್ನು ಕುರಿತೇ ಈ ಲೇಖನ.

ಬಾನುಲಿ ನಾಟಕದ ಗುಣವೇನೆಂದು ಮೊದಲು ನೋಡೋಣ. ರೇಡಿಯೋಗೆಂದೇ ಬರೆದ ಮೊದಮೊದಲ ನಾಟಕಗಳಲ್ಲಿ ಒಂದು ರಿಚರ್ಡ್ ಹ್ಯೂಸ್‌ನದು. 1924ರ ಜನವರಿಯಲ್ಲಿ ಬಿಬಿಸಿ ಪ್ರಸಾರ ಮಾಡಿತು. ಕಲ್ಲಿದ್ದಲ ಗಣಿ ನೋಡಲು ಹೋದವರು ದೀಪ ಆರಿ ಕತ್ತಲಲ್ಲಿ ಸಿಕ್ಕಿಬೀಳುತ್ತಾರೆ. ಕೇಳುಗನಿಗೂ ಕಾಣದು, ಪಾತ್ರಗಳಿಗೂ ಕಾಣದು, ಇಬ್ಬರೂ ಸಮಾನರು. ಎಷ್ಟು ಜಾಣ ಉಪಾಯ! ರಂಗದ ನಾಟಕಕ್ಕೆ ಈ ಅನುಕೂಲವಿಲ್ಲ. ಅದು ಕಣ್ಣನ್ನು ನಂಬಿ ಹುಟ್ಟಿದ್ದು. ವೇದಿಕೆಯಲ್ಲಿ ಮಾತಿಲ್ಲದೆ ನಿಂತ ಪಾತ್ರ ಇದ್ದೇ ಇರುತ್ತದೆ. ಮೈಕಿನ ಮುಂದೆ ಬಾಯಿ ಮುಚ್ಚಿದ ಪಾತ್ರ ಎರಡು ನಿಮಿಷದಲ್ಲಿ ಸತ್ತಂತೆ. ಅದಕ್ಕೇ ರೂಪಾಂತರ ಮಾಡುವವರು ಪಾತ್ರಗಳ ಬಾಯಲ್ಲಿ ಮತ್ತೆ ಮತ್ತೆ ಹೆಸರು ಕರೆಸುತ್ತಾರೆ. ಬಾಗಿಲ ಕಿರುಗುಟ್ಟುವಿಕೆಯಿಂದ ಪ್ರವೇಶ ಮಾಡಿಸುತ್ತಾರೆ. ಮೈಕಿನಿಂದ ಹಿಂದೆ ಸರಿಸಿ ನಿರ್ಗಮನ ತೋರಿಸುತ್ತಾರೆ. ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ, ಕಾಗದ ಮುದುಡಿದರೆ ಬೆಂಕಿ. ಎರಡು ಎರಡೂವರೆ ಗಂಟೆಯ ನಾಟಕವನ್ನು ಒಂದು ಗಂಟೆಗೋ ಅರ್ಧ ಗಂಟೆಗೋ ಕತ್ತರಿಸಬೇಕು. ಕತ್ತರಿ ಮೊದಲು ಬೀಳುವುದು ಸಣ್ಣ ಪಾತ್ರಗಳ ಮೇಲೆ. ಗಾಡಿ ಹೊಡೆಯುವವನು, ಗುಜರಿಯವನು, ಮೀನು ಮಾರುವವಳು. ಕನ್ನಡ ನಾಟಕದಲ್ಲಿ ಮುಸ್ಲಿಮನಿಗೆ ಸಿಕ್ಕುವ ಪಾತ್ರಗಳು ಹೆಚ್ಚಾಗಿ ಇಂಥವೇ ಆದ್ದರಿಂದ ಬಾನುಲಿಗೆ ಬರುವಾಗ ಅವನು ಅರ್ಧ ದಾರಿಯಲ್ಲೇ ಇಳಿದು ಹೋಗಿರುತ್ತಾನೆ. ಕತ್ತರಿಸಿದವರ ಮನಸ್ಸಿನಲ್ಲಿ ದ್ವೇಷವೇನೂ ಇರುವುದಿಲ್ಲ. ಕಥೆಗೆ ಅವನು ಬೇಕಿರಲಿಲ್ಲ, ಅಷ್ಟೆ. ಬೇಕಾಗುವಂತೆ ನಾಟಕಕಾರ ಬರೆದೇ ಇರಲಿಲ್ಲ.

ಕತ್ತರಿಯಿಂದ ಪಾರಾಗಿ ಬಂದ ಪಾತ್ರಕ್ಕೆ ಏನಾಗುತ್ತದೆ? ಟೋಪಿ ಕಾಣುವುದಿಲ್ಲವಲ್ಲ, ಹಾಗಾಗಿ ನಾಲಗೆಗೆ ಟೋಪಿ ತೊಡಿಸುತ್ತಾರೆ. 'ನಮ್ದುಕೆ', 'ನಿಮ್ದುಕೆ', ಮಾತಿಗೊಂದು 'ಅರೆ ಅಲ್ಲಾ'. ಕಂಪೆನಿ ನಾಟಕಗಳಿಂದ ಸಿನಿಮಾಕ್ಕೂ, ಅಲ್ಲಿಂದ ಶಾಲಾ ವಾರ್ಷಿಕೋತ್ಸವಕ್ಕೂ ಹರಿದುಬಂದ ಈ ಭಾಷೆಯನ್ನು ನಾನು ಕುದ್ರೋಳಿ, ಬಂದರು, ಕಂಡಕದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ನಮ್ಮ ಕನ್ನಡಕ್ಕೆ ನಮ್ಮದೇ ಎಳೆತಗಳಿವೆ. ಬ್ಯಾರಿ ಮಾತಾಡುವವನ ವಕಾರ ಆಗಾಗ ಬಕಾರವಾಗುತ್ತದೆ. ಉರ್ದು ಮನೆಯವನ ಲಿಂಗ ವಚನ ಎಡವುತ್ತದೆ. ಇದೆಲ್ಲ ನಿಜ. ಆದರೆ ನಾಟಕದ ಸಾಬಿ ಮಾತಾಡುವುದು ಇದಾವುದನ್ನೂ ಅಲ್ಲ.

ಒಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ಹವ್ಯಾಸಿ ತಂಡವೊಂದು ಹಳೆಯ ಸಾಮಾಜಿಕ ನಾಟಕವನ್ನು ಧ್ವನಿಮುದ್ರಿಸುತ್ತಿತ್ತು. ಅದರಲ್ಲಿ ಮರದ ವ್ಯಾಪಾರಿ ಇಬ್ರಾಹಿಂ ಸಾಹೇಬರ ಎರಡು ದೃಶ್ಯಗಳಿದ್ದವು. ನನ್ನನ್ನು ಕರೆದರು. ನಾನು ಬಂದರಿನ ವ್ಯಾಪಾರಿಗಳು ಮಾತಾಡುವಂತೆ, ಮೆಲ್ಲಗೆ, ರೇಟು ಹೇಳುವ ಮೊದಲು ಒಂದಿಷ್ಟು ತಡೆದು ಮಾತಾಡಿದೆ. ನಿರ್ದೇಶಕರು ಸಜ್ಜನರು. ಹೆಡ್‌ಫೋನು ತೆಗೆದು ನಗುತ್ತ, "ಸರ್, ನೀವು ಮಾತಾಡಿದರೆ ಮುಸ್ಲಿಮ್ ಅಂತ ಗೊತ್ತೇ ಆಗುವುದಿಲ್ಲ, ಸ್ವಲ್ಪ ಸಾಬರ ಹಾಗೆ ಮಾತಾಡಿ" ಎಂದರು. ಹುಟ್ಟಿದಂದಿನಿಂದ ಮುಸ್ಲಿಮನಾಗಿರುವ ನಾನು ಹೇಗೆ ಮಾತಾಡಿದರೆ ಮುಸ್ಲಿಮನಾಗುತ್ತೇನೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರು ಬರೆದುಕೊಟ್ಟ 'ನಮ್ದುಕೆ'ಯನ್ನು ಓದಿದೆ, ಬಸ್ಸಿನ ಖರ್ಚು ಕೊಟ್ಟರು, ಬಂದೆ. ಬೇರೆಯವರ ಪೂರ್ವಗ್ರಹದ ಬಗ್ಗೆ ಬರೆಯುವಾಗ ಆ ದಿನ ನಾನೂ ಓದಿದ್ದೆ ಎಂಬುದನ್ನು ಮರೆಯಬಾರದು.

ಅವತ್ತು ರಾತ್ರಿ ನೆನಪಾದದ್ದು ಮಂಟೋ. ಸಆದತ್ ಹಸನ್ ಮಂಟೋ 1940ರ ದಶಕದ ಆರಂಭದಲ್ಲಿ ದೆಹಲಿ ರೇಡಿಯೋದಲ್ಲಿ ಕೆಲಸಕ್ಕಿದ್ದ. ಸುಮಾರು ಒಂದೂವರೆ ವರ್ಷದಲ್ಲಿ ನೂರಕ್ಕೂ ಹೆಚ್ಚು ಬಾನುಲಿ ನಾಟಕ ಬರೆದನೆಂಬುದು ಉರ್ದು ಓದುವವರಿಗೆಲ್ಲ ಗೊತ್ತಿರುವ ವಿಷಯ. ಅವನ 'ಆವೋ' ಸರಣಿಯಲ್ಲಿ ಕಿಶೋರ್, ಲಾಜವಂತಿ, ನಾರಾಯಣ್ ಎಂಬ ಮೂವರಿದ್ದಾರೆ. ಗಂಡ, ಹೆಂಡತಿ, ಗಂಡನ ಗೆಳೆಯ. ಒಂದು ಕೋಣೆ, ಮೂರು ದನಿ. ಹೆಸರುಗಳು ಹಿಂದೂಗಳವು, ಮಾತು ದೆಹಲಿ ಲಾಹೋರಿನ ಯಾರ ಮನೆಯಲ್ಲೂ ಆಡಬಹುದಾದ ಉರ್ದು. ಮಂಟೋ ಅವರ ನಾಲಗೆಯ ಮೇಲೆ ತಿಲಕ ಇಡಲಿಲ್ಲ. ಗಂಡ ಹೆಂಡತಿಯ ಜಗಳ ಕೇಳುವವನಿಗೆ ಅದರ ಅಗತ್ಯ ಬೀಳುವುದೂ ಇಲ್ಲ. ಆ ನಾಟಕಗಳಲ್ಲಿ ಕೆಲವು ತೀರಾ ಅವಸರದವು ಎಂಬುದನ್ನೂ ಹೇಳಿಬಿಡಬೇಕು. ಸಂಬಳಕ್ಕೆ ಬರೆದದ್ದರ ವಾಸನೆ ಹೊಡೆಯುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಅವನು ತಪ್ಪಲಿಲ್ಲ.

ಹಾಗಾದರೆ ಎಲ್ಲ ಪಾತ್ರಗಳೂ ಪಠ್ಯಪುಸ್ತಕದ ಒಂದೇ ಕನ್ನಡ ಮಾತಾಡಬೇಕೇ? ಅದು ಇನ್ನೊಂದು ಅಪಾಯ. ಎಳೆತವನ್ನು ತೆಗೆದುಹಾಕಿದರೆ ಮನುಷ್ಯನ ಊರು, ಕಸುಬು, ಮನೆ ಎಲ್ಲವೂ ಅದರ ಜೊತೆ ಹೋಗುತ್ತವೆ. ಈ ಪ್ರಶ್ನೆಗೆ ಕರಾವಳಿಯಲ್ಲಿ ಒಂದು ಉತ್ತರ ಮೊದಲೇ ಇತ್ತು. ನಾವು ಅದನ್ನು ನಾಟಕದ ಚರ್ಚೆಗೆ ತಂದಿಲ್ಲ. ತಾಳಮದ್ದಳೆ ಎಂದರೇನು? ವೇಷ, ಕುಣಿತ, ಬಣ್ಣ ಎಲ್ಲವನ್ನೂ ಕಳಚಿಟ್ಟ ಯಕ್ಷಗಾನ. ಬಿಳಿ ಪಂಚೆ, ಶಾಲು ಹೊದ್ದ ನಾಲ್ಕು ಮಂದಿ ಎದುರುಬದುರು ಕುಳಿತು ಮಾತಿನಲ್ಲೇ ಕುರುಕ್ಷೇತ್ರ ನಡೆಸುತ್ತಾರೆ. ರೇಡಿಯೋ ಬರುವ ಮುಂಚೆಯೇ ನಮ್ಮ ಜನಕ್ಕೆ ಬಾನುಲಿ ನಾಟಕ ಕೇಳುವ ಅಭ್ಯಾಸವಾಗಿತ್ತು ಎಂದರೆ ಉತ್ಪ್ರೇಕ್ಷೆಯಾಗದು. ತಾಳಮದ್ದಳೆಯನ್ನು ಆಕಾಶವಾಣಿಗೆ ತರುವಾಗ ಏನನ್ನೂ ಕಳೆದುಕೊಳ್ಳಬೇಕಾಗಲಿಲ್ಲ, ಸಮಯದ ಮಿತಿಯೊಂದನ್ನು ಬಿಟ್ಟರೆ. ರಾತ್ರಿಯಿಡೀ ಮಾತಾಡುವ ಕರ್ಣನಿಗೆ ಗಡಿಯಾರ ತೋರಿಸಿದರೆ ಅವನೂ ಪಾಪ ಏನು ಮಾಡಬೇಕು!

ಈ ಪರಂಪರೆಯಲ್ಲಿ ನಮಗೆ ಸಂಬಂಧಿಸಿದ ಪಾತ್ರ ಬಪ್ಪ ಬ್ಯಾರಿ. ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಕಥೆ ಎಲ್ಲರಿಗೂ ಗೊತ್ತು. ಶಾಂಭವಿ ನದಿಯಲ್ಲಿ ಮುಸ್ಲಿಮ್ ವ್ಯಾಪಾರಿಯ ದೋಣಿ ನಿಲ್ಲುತ್ತದೆ, ಅವನಿಗೆ ಕನಸು ಬೀಳುತ್ತದೆ, ದೇವಿಗೆ ಅವನು ಗುಡಿ ಕಟ್ಟಿಸುತ್ತಾನೆ. ಯಕ್ಷಗಾನದ ಬಯಲಾಟದಲ್ಲಿ ಬ್ಯಾರಿಯ ವೇಷ ರಂಗಕ್ಕೆ ಬಂದರೆ ಸಾಕು, ಬಾಯಿ ತೆರೆಯುವ ಮೊದಲೇ ಸಭೆಯಲ್ಲಿ ನಗು. ಹೊಟ್ಟೆ, ಬೆಲ್ಟು, ಟೋಪಿ ಇಷ್ಟೇ ಸಾಕಾಗುತ್ತದೆ. ಆ ಪಾತ್ರವನ್ನು ನಗೆಯಿಂದ ಎತ್ತಿ ಘನತೆಯ ಕಡೆಗೆ ಒಯ್ದವರು ಸೇಣಿ ಗೋಪಾಲಕೃಷ್ಣ ಭಟ್ಟರು. 2006ರಲ್ಲಿ ತೀರಿಕೊಂಡ ಸೇಣಿಯವರ ರಾವಣ, ವಾಲಿ, ಭೀಷ್ಮರ ಜೊತೆಗೇ ಜನ ಅವರ ಬಪ್ಪ ಬ್ಯಾರಿಯನ್ನೂ ನೆನೆಯುತ್ತಾರೆ. ಅವರು ಬ್ಯಾರಿಯ ಎಳೆತವನ್ನು ಬಿಡಲಿಲ್ಲ. ನಗುವೂ ಇತ್ತು. ಆದರೆ ಆ ಎಳೆತದಲ್ಲೇ ವ್ಯಾಪಾರದ ನಿಯತ್ತು, ದೇವನ ಏಕತ್ವ, ಬೇರೆಯವರ ದೇವಿಯನ್ನು ಕನಸಿನಲ್ಲಿ ಕಂಡವನ ಗಾಬರಿ ಎಲ್ಲವನ್ನೂ ಆಡಿದರು. ನಮ್ಮ ಧರ್ಮದ ದೃಷ್ಟಿಯಿಂದ ಆ ಕಥೆಯ ಬಗ್ಗೆ ತಕರಾರು ಎತ್ತುವವರು ಇದ್ದಾರೆ, ಇರಲಿ. ನಾನು ಹೇಳುತ್ತಿರುವುದು ದನಿಯ ಬಗ್ಗೆ. ಅಲ್ಲಿ ಎಳೆತ ಗುರುತಿನ ಚೀಟಿಯಾಗಿ ಬರುವುದಿಲ್ಲ, ಒಬ್ಬ ಮನುಷ್ಯ ಯೋಚಿಸುವ ರೀತಿಯಾಗಿ ಬರುತ್ತದೆ. ಮರದ ವ್ಯಾಪಾರಿ ಇಬ್ರಾಹಿಂ ಸಾಹೇಬರಿಗೆ ಅಂದು ಬೇಕಾಗಿದ್ದುದು ಇದು.

ಈಗ ಗಿರೀಶ ಕಾರ್ನಾಡರ ಎರಡು ನಾಟಕಗಳಿಗೆ ಬರುತ್ತೇನೆ. ಕನ್ನಡದಲ್ಲಿ ಮುಸ್ಲಿಮನನ್ನು ನಡುರಂಗದಲ್ಲಿ ನಿಲ್ಲಿಸಿದ ನಾಟಕಗಳೆಂದರೆ ಮೊದಲು ನೆನಪಾಗುವುದು ಅವೇ. 1964ರ 'ತುಘಲಕ್' ಕಣ್ಣಿಗೆ ಹಬ್ಬವೆಂದು ಹೆಸರಾದದ್ದು. ಅದನ್ನು ಉರ್ದುವಿಗೆ ತಂದವರು ನಮ್ಮ ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರು. ಇಬ್ರಾಹಿಂ ಅಲ್ಕಾಝಿ ದೆಹಲಿಯ ಪುರಾನಾ ಕಿಲಾದ ಗೋಡೆಗಳನ್ನೇ ರಂಗಸಜ್ಜಿಕೆ ಮಾಡಿ ಆಡಿಸಿದ ಪ್ರಯೋಗದ ಫೋಟೋಗಳನ್ನು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಂಥ ನಾಟಕವನ್ನು ಕಿವಿಯಿಂದ ಕೇಳಿದರೆ ಏನು ಉಳಿಯುತ್ತದೆ? ನಾನು ಅದನ್ನು ಬಾನುಲಿ ರೂಪಾಂತರಕ್ಕೆಂದು ಒಮ್ಮೆ ಪೆನ್ಸಿಲು ಹಿಡಿದು ಓದಿದೆ.

ಮೊದಲ ದೃಶ್ಯದಲ್ಲೇ ಅಚ್ಚರಿ. ನ್ಯಾಯಾಲಯದ ಮುಂದೆ ಜನ ಸೇರಿದ್ದಾರೆ. ಅದರಲ್ಲಿ ಮುದುಕ, ತರುಣ, ಒಬ್ಬ ಹಿಂದೂ. ರಂಗದ ಮೇಲೆ ಉಡುಪಿನಿಂದಲೇ ಯಾರು ಯಾರೆಂದು ತಿಳಿದುಬಿಡುತ್ತದೆ. ರೇಡಿಯೋದಲ್ಲಿ ತಿಳಿಯುವುದಿಲ್ಲ, ಏಕೆಂದರೆ ಕಾರ್ನಾಡರು ಅವರಿಗೆಲ್ಲ ಕೊಟ್ಟಿರುವುದು ಒಂದೇ ಕನ್ನಡ. ಒಬ್ಬ ಸುಲ್ತಾನನನ್ನು ಬೈಯುತ್ತಾನೆ, ಇನ್ನೊಬ್ಬ ಹೊಗಳುತ್ತಾನೆ. ಎಲ್ಲರೂ ದೆಹಲಿಯವರು, ಎಲ್ಲರಿಗೂ ಅದೇ ದಿಗಿಲು. ಆಮೇಲೆ ಒಬ್ಬ ಹೇಳುತ್ತಾನೆ, ಒದ್ದು ತೆರಿಗೆ ಕೇಳುವ ಸುಲ್ತಾನನಾದರೆ ನೆಮ್ಮದಿ, ನೀನೂ ಮನುಷ್ಯನೇ ಎನ್ನುವವನು ಬಂದರೆ ಭಯ ಎಂಬ ಅರ್ಥದ ಮಾತು. ಆಗ ಮಾತ್ರ ಇವನು ಹಿಂದೂ ಎಂದು ಕೇಳುಗನಿಗೆ ಹೊಳೆಯುತ್ತದೆ. ಗುರುತು ಉಡುಪಿನಿಂದ ಬರದೆ ಅವನ ಭಯದಿಂದ ಬಂತು. ಇದು ರಂಗದಲ್ಲಿ ಸಿಗದ ಲಾಭ.

ಅಝೀಝನ ವಿಷಯ ಇನ್ನೂ ಸ್ವಾರಸ್ಯ. ಅವನು ಅಗಸ, ಮುಸ್ಲಿಮ್. ಬ್ರಾಹ್ಮಣ ವಿಷ್ಣುಪ್ರಸಾದನ ವೇಷದಲ್ಲಿ ಸುಲ್ತಾನನ ಮೇಲೇ ದಾವೆ ಗೆದ್ದು ಬರುತ್ತಾನೆ. ವೇದಿಕೆಯಲ್ಲಿ ಜನಿವಾರ, ನಾಮ ಸಾಕು. ಬಾನುಲಿಯಲ್ಲಿ? ನಟನಿಗೆ ಬ್ರಾಹ್ಮಣ ಕನ್ನಡ ಮಾತಾಡಿಸಿ, ಗುಟ್ಟು ಬಿಚ್ಚಿದ ಕೂಡಲೇ 'ನಮ್ದುಕೆ'ಗೆ ಇಳಿಸುವ ಆಸೆ ಯಾವ ನಿರ್ದೇಶಕನಿಗಾದರೂ ಬಂದೀತು. ಅದಕ್ಕಿಂತ ದೊಡ್ಡ ಪ್ರಮಾದವಿಲ್ಲ. ಅಝೀಝನ ಬುದ್ಧಿಯೆಲ್ಲ ಇರುವುದು ಅವನು ಯಾರ ದನಿಯನ್ನಾದರೂ ಆಡಬಲ್ಲ ಎಂಬಲ್ಲಿ. ಅವನಿಗೊಂದು 'ನಿಜವಾದ' ಸಾಬಿ ದನಿ ಕೊಟ್ಟರೆ ಉಳಿದದ್ದೆಲ್ಲ ಕಳ್ಳತನ ಎಂದಾಗುತ್ತದೆ, ನಾಟಕದ ವ್ಯಂಗ್ಯ ಸತ್ತುಹೋಗುತ್ತದೆ. ಒಂದೇ ದನಿ ಸಾಕು. ಹಳೆಯ ಗೆಳೆಯ ಆಝಮನನ್ನು ಕಂಡಾಗ ಅದು ಸ್ವಲ್ಪ ಸಡಿಲವಾದರೆ ಸಾಕು.

ನಮಾಝಿನ ದೃಶ್ಯವನ್ನು ಮಾತ್ರ ಹೇಗೆ ತರುವುದೆಂದು ನನಗೆ ಬಹಳ ದಿನ ತೋಚಲಿಲ್ಲ. ಸುಲ್ತಾನನನ್ನು ಕೊಲ್ಲಲು ಅಮೀರರು ಆಯ್ದುಕೊಂಡ ಹೊತ್ತು ಪ್ರಾರ್ಥನೆಯ ಹೊತ್ತು. ಸಾಲು ಕಟ್ಟಿ ನಿಂತವರ ನಡುವಿನಿಂದ ಕತ್ತಿಗಳು ಹೊರಬರುತ್ತವೆ, ಪರದೆಯ ಹಿಂದಿನಿಂದ ಸುಲ್ತಾನನ ಸೈನಿಕರು ಬರುತ್ತಾರೆ, ಅವನು ಮಾತ್ರ ಅಲುಗದೆ ಪ್ರಾರ್ಥನೆ ಮುಂದುವರಿಸುತ್ತಾನೆ. ಕಣ್ಣಿಗೆ ಅದ್ಭುತ. ಕಿವಿಗೆ ಏನಿದೆ? ಕತ್ತಿಯ ಸದ್ದು ಇದೆ, ಪ್ರಾರ್ಥಿಸುವವನ ಸದ್ದಿಲ್ಲ. ಸಾಮಾನ್ಯವಾಗಿ ಇಂಥಲ್ಲಿ ಹಿನ್ನೆಲೆ ಸಂಗೀತ ತುಂಬಿಸುತ್ತಾರೆ, ಅದರಲ್ಲೂ ಮುಸ್ಲಿಮ್ ದೃಶ್ಯವೆಂದರೆ ಅರೇಬಿಯಾದ್ದೆಂದು ಯಾರೋ ಭ್ರಮಿಸಿದ ಒಂದು ಕೊಳಲು. ಜಮಾಅತಿನಲ್ಲಿ ನಿಂತವನಿಗೆ ಗೊತ್ತು, ಅಲ್ಲಿ ಮೌನವೂ ಒಂದೇ ತರಹದ್ದಲ್ಲ. ನೂರು ಜನ ಒಟ್ಟಿಗೆ ಬಾಗುವಾಗ ಬಟ್ಟೆಯ ಸರಸರ, ಮೊಣಕಾಲು ಚಾಪೆಗೆ ತಾಗುವ ಸದ್ದು, ಯಾರದೋ ಕೆಮ್ಮು. ಆ ಸರಸರದ ನಡುವೆ ಲೋಹದ ಸದ್ದು, ಕಿರುಚಾಟ, ಮತ್ತೆ ಎಲ್ಲ ನಿಂತ ಮೇಲೆ ಒಬ್ಬನೇ ಒಬ್ಬನ ಬಟ್ಟೆಯ ಸರಸರ. ಇಷ್ಟು ಸಾಕೆಂದು ನನಗನಿಸುತ್ತದೆ. ಧ್ವನಿ ತಂತ್ರಜ್ಞನನ್ನು ಒಂದು ಜುಮುಅಕ್ಕೆ ಪಳ್ಳಿಯ ಹಿಂದಿನ ಸಾಲಿನಲ್ಲಿ ಕೂರಿಸಿದರೆ ಅರ್ಥವಾದೀತು.

'ಟಿಪೂ ಸುಲ್ತಾನ್ ಕಂಡ ಕನಸು' ಇದರ ತಿರುಗು ದಾರಿ ಹಿಡಿದ ನಾಟಕ. ಅದು ಹುಟ್ಟಿದ್ದೇ ರೇಡಿಯೋಗಾಗಿ. ಭಾರತ ಸ್ವತಂತ್ರವಾಗಿ ಐವತ್ತು ವರ್ಷವಾದ ಸಂದರ್ಭಕ್ಕೆಂದು ಬಿಬಿಸಿ 1996ರಲ್ಲಿ ಕಾರ್ನಾಡರಿಂದ ಇಂಗ್ಲಿಷಿನಲ್ಲಿ ಬರೆಸಿತು. ಜತಿಂದರ್ ವರ್ಮಾ ನಿರ್ದೇಶನ, ಟಿಪ್ಪುವಿನ ದನಿ ಸಯೀದ್ ಜಾಫ್ರಿಯವರದು, 1997ರಲ್ಲಿ ಪ್ರಸಾರವಾಯಿತು. ಆಮೇಲೆ ಅದು ಕನ್ನಡಕ್ಕೆ, ರಂಗಕ್ಕೆ ಬಂತು, ಸಿ. ಬಸವಲಿಂಗಯ್ಯ ಆಡಿಸಿದರು. ಟಿಪ್ಪು ತನ್ನ ಕನಸುಗಳನ್ನು ಪರ್ಷಿಯನ್ನಿನಲ್ಲಿ ಸ್ವಹಸ್ತದಿಂದ ಬರೆದಿಟ್ಟಿದ್ದ ಪುಸ್ತಕ, ಯಾರಿಗೂ ತೋರಿಸದೆ ಇಟ್ಟದ್ದು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಮೂವತ್ತೇಳು ಕನಸುಗಳಿವೆ. ಗುಟ್ಟಾಗಿ ಬರೆದ ಕನಸನ್ನು ಕಿವಿಯಲ್ಲಿ ಪಿಸುಗುಟ್ಟಿದಂತೆ ಹೇಳುವುದಕ್ಕೆ ರೇಡಿಯೋಗಿಂತ ಒಳ್ಳೆಯ ಮಾಧ್ಯಮ ಯಾವುದಿದೆ?

ನಾಟಕದ ಕಟ್ಟಡದಲ್ಲಿ ಈ ಹುಟ್ಟುಗುರುತು ಎದ್ದು ಕಾಣುತ್ತದೆ. ಇತಿಹಾಸಕಾರ ಕಿರ್ಮಾನಿ ಮತ್ತು ಕರ್ನಲ್ ಮೆಕೆಂಝಿ ಕೂತು ಮಾತಾಡುತ್ತಾರೆ. ಅವರ ಮಾತಿನಿಂದ ಹಳೆಯ ದೃಶ್ಯಗಳು ಎದ್ದುಬರುತ್ತವೆ. ಬಾನುಲಿಯಲ್ಲಿ ಇದು ಸಲೀಸು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಶ್ರೀರಂಗಪಟ್ಟಣದ ಕೋಟೆಬಾಗಿಲಿಗೆ ಹೋಗಬಹುದು. ವೇದಿಕೆಯಲ್ಲಿ ಅದೇ ಇಬ್ಬರು ಒಂದು ಮೂಲೆಯಲ್ಲಿ ನಿಂತು ವರದಿ ಒಪ್ಪಿಸುವವರಂತೆ ಆಗಿಬಿಡುತ್ತಾರೆ. ಕನಸುಗಳಂತೂ ನೀಲಿ ಬೆಳಕು, ಹೊಗೆ, ಪರದೆಗಳ ಪಾಲಾಗುತ್ತವೆ. ಇದನ್ನು ರಂಗದ ನಿರ್ದೇಶಕರ ದೋಷವೆನ್ನಲಾರೆ. ಸ್ಯಾಮುಯೆಲ್ ಬೆಕೆಟ್ 1956ರಲ್ಲಿ ಬಿಬಿಸಿಗೆ ಬರೆದ ತನ್ನ ಬಾನುಲಿ ನಾಟಕವನ್ನು ರಂಗಕ್ಕೇರಿಸಲು ಒಪ್ಪದೆ ಹಟ ಹಿಡಿದದ್ದು ಸುಮ್ಮನೆ ಅಲ್ಲ. ಆದರೆ ಕಾರ್ನಾಡರು ಆ ಹಟ ಹಿಡಿದಿದ್ದರೆ ಈ ನಾಟಕ ಕನ್ನಡದ ರಂಗಕ್ಕೇ ಬರುತ್ತಿರಲಿಲ್ಲ. ಹಾಗಾಗಿ ನನ್ನ ಆಕ್ಷೇಪ ಅರ್ಧ ಮನಸ್ಸಿನದು.

ಪೂರ್ಣ ಮನಸ್ಸಿನ ಆಕ್ಷೇಪ ಒಂದಿದೆ. ಕನ್ನಡದಲ್ಲಿ ಟಿಪ್ಪು, ಅವನ ಮಂತ್ರಿಗಳು, ಮಕ್ಕಳು ಎಲ್ಲರೂ ಶುದ್ಧ ಬರವಣಿಗೆಯ ಕನ್ನಡವನ್ನೇ ಆಡುತ್ತಾರೆ. 'ನಮ್ದುಕೆ'ಗಿಂತ ಇದು ಸಾವಿರ ಪಾಲು ಮೇಲು. ಸುಲ್ತಾನನಿಗೆ ಸುಲ್ತಾನನ ಮಾತು ಸಿಕ್ಕಿತು. ಆದರೆ ಆ ಮನೆಯೊಳಗೆ ದಖನಿ ಎಲ್ಲಿ ಹೋಯಿತು? 1792ರಲ್ಲಿ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒತ್ತೆಯಿಡುವಾಗ ತಂದೆ ಅವರೊಡನೆ ದರ್ಬಾರಿನ ಭಾಷೆಯಲ್ಲಿ ಮಾತಾಡಿದನೇ? ಸಯೀದ್ ಜಾಫ್ರಿಯವರು ಇಂಗ್ಲಿಷ್ ಆಡಿದರೂ ಅದರಡಿಯಲ್ಲಿ ಉರ್ದು ಉಸಿರಾಡುತ್ತಿತ್ತು ಎಂಬುದು ಅವರನ್ನು 'ಶತರಂಜ್ ಕೆ ಖಿಲಾಡಿ'ಯಲ್ಲಿ ಕೇಳಿದವರಿಗೆ ಊಹೆಗೆ ಸಿಗುತ್ತದೆ. ಕನ್ನಡದ ಟಿಪ್ಪುವಿಗೆ ಅಂಥ ಒಂದು ಒಳದನಿ ಬೇಕಿತ್ತು. ಮಂಡ್ಯ, ಮೈಸೂರಿನ ಮುಸ್ಲಿಮರು ದಿನಾ ಆಡುವ ಕನ್ನಡದಲ್ಲಿ ಅದು ಇದ್ದೇ ಇದೆ; ಕೇಳಿಸಿಕೊಳ್ಳುವವರು ಬೇಕು. 2022ರಲ್ಲಿ ಮೈಸೂರು ರಂಗಾಯಣದಲ್ಲಿ 'ಟಿಪ್ಪು ನಿಜ ಕನಸುಗಳು' ಎಂಬ ಎದುರುತ್ತರದ ನಾಟಕ ಬಂತು. ಅದರ ಗದ್ದಲದಲ್ಲಿ ಇಂಥ ಸಣ್ಣ ಮಾತುಗಳನ್ನು ಆಡಲು ಜಾಗವೇ ಉಳಿಯಲಿಲ್ಲ.

ಕಳೆದ ವರ್ಷ ನನ್ನ ತಂಗಿಯ ಮಗ ಕಾಲೇಜಿನ ತಂಡದಲ್ಲಿ 'ತುಘಲಕ್' ಅಭ್ಯಾಸ ಮಾಡುತ್ತಿದ್ದ. ಮಾತು ಬಾಯಿಪಾಠವಾಗಲೆಂದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ನಮ್ಮ ಮನೆಯಲ್ಲಿ ಹಾಕಿ ಕೇಳುತ್ತಿದ್ದ. ಉಮ್ಮನಿಗೆ ಈಗ ಕಣ್ಣು ಮಂಜು. ಬೀಡಿ ಬಿಟ್ಟು ಬಹಳ ಕಾಲವಾಯಿತು. ಮಂಚದ ಮೇಲೆ ಕೂತು ಅವರೂ ಕೇಳಿದರು. ಕೊನೆಯ ದೃಶ್ಯ ಬಂತು. ತಾನೇ ನಿಲ್ಲಿಸಿದ್ದ ನಮಾಝನ್ನು ಸುಲ್ತಾನ ತಾನೇ ಮತ್ತೆ ಶುರುಮಾಡಿಸಿದ್ದಾನೆ. ಬರನಿ ಹೊರಟುಹೋದ. ಸುಲ್ತಾನ ಒಬ್ಬನೇ. ದೂರದಿಂದ ಬಾಂಗ್ ಕೇಳುತ್ತದೆ. ಅದಾದ ಮೇಲೆ ನಾಟಕದಲ್ಲಿ ಮಾತೇ ಇಲ್ಲ. ಅವನು ನಿದ್ದೆಹೋಗಿರುವುದು, ಬೆಚ್ಚಿ ಎದ್ದು ಎಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡುವುದು, ಎಲ್ಲವೂ ಕಣ್ಣಿನ ಕೆಲಸ. ಮೊಬೈಲಿನಲ್ಲಿ ಬಾಂಗ್ ಶುರುವಾದಾಗ ಉಮ್ಮ ಅಭ್ಯಾಸಬಲದಿಂದ ತಟ್ಟವನ್ನು ತಲೆಗೆಳೆದುಕೊಂಡರು. ಯಾವ ಪಳ್ಳಿಯದು, ಹೊತ್ತಾಯಿತೇ ಎಂದು ಕೇಳಿದರು.

"ಅದು ನಾಟಕದ್ದು ಉಮ್ಮ" ಎಂದೆ.

ತಟ್ಟ ಸರಿಸಲಿಲ್ಲ. ಬಾಂಗ್ ಮುಗಿದು ಮೊಬೈಲು ಸುಮ್ಮನಾಗುವವರೆಗೂ ಕಾದು ಕೇಳಿದರು: "ಮೋನೇ, ಆ ಸುಲ್ತಾನ ಎದ್ದನಾ, ಇಲ್ಲವಾ?"